ಕರ್ತೃಪದ

ಕಾಗದ ಬಂದದ್ದು ಶನಿವಾರ, ಅರ್ಧ ದಿನದ ಶಾಲೆ.
ಹಲಸೂರು ಅಂಚೆಯ ಗುರುಸಿದ್ಧಯ್ಯ
ಸಹಿಗೆ ಪೆನ್ನಿನ ಮುಚ್ಚಳ ತಾನೇ ತೆಗೆದುಕೊಟ್ಟ.
ಒಳಗೆ ಒಂದೂವರೆ ಪುಟ, ಕನ್ನಡ ಅನುವಾದ ಲಗತ್ತಿಸಿದೆ:

'ಮಿತ್ರಪಡೆಯ ನೆಲೆಯಿಂದ ಗುಂಡು ಹಾರಿಸಲ್ಪಟ್ಟು
ಹವಾಲ್ದಾರ್ ಗಜೇಂದ್ರ ಅವರು ಮೃತಪಟ್ಟಿರುವುದು
ವಿಷಾದಪೂರ್ವಕವಾಗಿ ತಿಳಿಸಲ್ಪಡುತ್ತದೆ.'

ಇಪ್ಪತ್ತಾರು ವರ್ಷ ಕನ್ನಡ ಕಲಿಸಿದವಳು.
ಅಳು ಬರುವ ಮೊದಲು ಕೈಗೆ ಕೆಂಪು ಪೆನ್ನು ಬಂತು.
ಹಾರಿಸಲ್ಪಟ್ಟು: ಕೆಳಗೆ ಗೆರೆ.
ತಿಳಿಸಲ್ಪಡುತ್ತದೆ: ಗೆರೆ.
ಅಂಚಿನಲ್ಲಿ, ಒಂಬತ್ತನೇ ಕ್ಲಾಸಿಗೆ ಬರೆಯುವ ಹಾಗೆ,
ಕರ್ತೃಪದ ಎಲ್ಲಿ?

ಈ 'ಪಡು' ನಮ್ಮ ಬಾಯಿಗೆ ಒಗ್ಗುವುದಿಲ್ಲ ಮಕ್ಕಳೇ,
ಅನ್ನ ಅಮ್ಮನಿಂದ ಬಡಿಸಲ್ಪಟ್ಟಿತು
ಅಂತ ಯಾರಾದರೂ ಅಂತಾರಾ ಮನೆಯಲ್ಲಿ?
ಅಮ್ಮ ಬಡಿಸಿದಳು. ಅಷ್ಟೆ.
ಕಿಟಕಿಯ ಗಾಜು ಹೋದಾಗ ಮಾತ್ರ ನಿಮ್ಮ ರಾಗ ಬೇರೆ,
'ಒಡೆದುಹೋಯ್ತು ಮಿಸ್.'
ಯಾರು ಒಡೆದದ್ದು?
'ಅದೇ ಒಡೆದುಹೋಯ್ತು.'

ಗಜ ಹೋದದ್ದು ಯುದ್ಧಕ್ಕಲ್ಲ,
ನೀಲಿ ಟೋಪಿ ಹಾಕಿಕೊಂಡು ಬೋರ್‌ವೆಲ್ ತೋಡಲಿಕ್ಕೆ.
'ಅಕ್ಕಾ, ಇಲ್ಲಿ ನೂರಿಪ್ಪತ್ತು ಅಡಿಗೇ ನೀರು,
ನಮ್ಮ ಮರ್ಫಿ ಟೌನಿನಲ್ಲಿ ಸಾವಿರಕ್ಕೂ ಧೂಳು.'
ಆ ರಾತ್ರಿ ಪಂಪು ಕೆಟ್ಟಿತ್ತಂತೆ,
ಹಣೆಗೆ ದೀಪ ಕಟ್ಟಿಕೊಂಡು ಬಗ್ಗಿದ್ದನಂತೆ.
ಗುಡ್ಡದ ಮೇಲಿದ್ದವರು ನಮ್ಮವರೇ,
ಅಂದರೆ ನಮ್ಮವರ ಜೊತೆಯವರು, ಬೇರೆ ದೇಶದವರು,
ಅದೇ ನೀಲಿ ಟೋಪಿ.
ಮೊದಲು ಬೆಳಕಿನ ಗುಂಡು ಬಿಟ್ಟು ನೋಡಿದರಂತೆ.

ಮಿತ್ರ ಎಂದರೆ ಸೂರ್ಯ ಅಂತಲೂ ಇದೆ.
ನಾನಾರ್ಥ, ಒಂದು ಅಂಕ.
ಅಲ್ಲಿ ಅದು ಮೂರೂವರೆಗೇ ಹುಟ್ಟಿತು.

ಟ್ರಂಕಿನಲ್ಲಿ ಬಂದ ಅವನ ವಾಚು
ಎರಡೂವರೆ ಗಂಟೆ ಹಿಂದೆ ಓಡುತ್ತದೆ, ತಿದ್ದಿಲ್ಲ.
ಲೆಕ್ಕ ಹಾಕಿದ್ದೇನೆ: ಆಗ ಇಲ್ಲಿ ಆರು,
ಕೆರೆಯಾಚೆಯ ಸೆಂಟರಿನಲ್ಲಿ ಬ್ಯೂಗಲ್,
ನಾನು ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತಿದ್ದೆ,
ಇಲ್ಲಿಯೂ ಆಗಲೇ ಹುಟ್ಟುತ್ತಿತ್ತು.

ಕರ್ನಲ್ ಒಬ್ಬರು ಬಂದರು. ಸೇಬಿನ ಬುಟ್ಟಿ.
ಬೂಟು ಹೊಸಿಲಾಚೆಯೇ ಬಿಚ್ಚಿದರು.
'ತನಿಖೆ ಆ ದೇಶದ್ದು ಮೇಡಂ, ವರದಿ ಅವರದ್ದು,
ನಮಗೆ ಸಿಗುವುದು ಸಾರಾಂಶ.'
ಸಾರಾಂಶ ಮೂಲದ ಮೂರನೇ ಒಂದು ಭಾಗವಾದರೂ ಇರಬೇಕು,
ಹೇಳಲಿಲ್ಲ.
ಅವರ ಕಾಲುಚೀಲಕ್ಕೆ ಹೆಬ್ಬೆರಳಿನ ಹತ್ತಿರ ತೂತಿತ್ತು.
ಕಾಫಿ ಕೊಟ್ಟೆ.

ಆಮೇಲೆ ಅರ್ಜಿಗಳು.
ದೆಹಲಿ ನ್ಯೂಯಾರ್ಕಿಗೆ ಕಳಿಸಿತು, ನ್ಯೂಯಾರ್ಕ್ ಆ ರಾಜಧಾನಿಗೆ,
ಆ ರಾಜಧಾನಿ ದೆಹಲಿಗೆ.
ಕಬ್ಬನ್ ರಸ್ತೆಯ ಕಚೇರಿಯಲ್ಲಿ ಹುಡುಗಿಯೊಬ್ಬಳು
'ಕಡತ ಚಲಿಸುತ್ತಿದೆ' ಅಂದಳು.
ಚಲಿಸು, ಅಕರ್ಮಕ.
ಏಳನೆಯ ಉತ್ತರದಲ್ಲಿ ಒಂದೇ ಒಂದು ಬದಲಾವಣೆ,
'ದುರ್ಘಟನೆ' ಹೋಗಿ 'ಘಟನೆ' ಬಂದಿತ್ತು.

ಕಿರುಪರೀಕ್ಷೆಗೆ ಒಂದು ಪ್ರಶ್ನೆ ಸೇರಿಸಿದೆ, ತಪ್ಪಿರಬಹುದು:
ಕರ್ತರಿಗೆ ಬದಲಾಯಿಸಿ, ಗುಂಡು ಹಾರಿಸಲ್ಪಟ್ಟಿತು.
ಮೂವತ್ತೊಂದು ಮಕ್ಕಳು: ಶತ್ರುಗಳು ಗುಂಡು ಹಾರಿಸಿದರು.
ನಾಲ್ವರು: ಪೊಲೀಸರು.
ಹಿಂದಿನ ಬೆಂಚಿನ ತಬಸ್ಸುಮ್: ಯಾರೋ.
ಅವಳಿಗೆ ಅರ್ಧ ಅಂಕ.

ಅವನಿಗೆ ಇಪ್ಪತ್ತೆರಡಿರಬಹುದು, ನಿದ್ದೆಗೆಟ್ಟಿರಬಹುದು,
ಯಾರೋ ಒತ್ತು ಅಂದಿರಬಹುದು, ಒತ್ತಿರಬಹುದು.
ಜೈಲಿಗೆ ಹಾಕಿ ಅಂತ ನಾನೆಲ್ಲೂ ಬರೆದಿಲ್ಲ.
ಎಂಟನೆಯ ಅರ್ಜಿ, ನಿನ್ನೆ ಹಾಕಿದ್ದು, ಇಷ್ಟೇ:

ಮಾನ್ಯರೇ,
ಬಿಟ್ಟ ಸ್ಥಳ ತುಂಬಿರಿ.
. . . . . . . . . . ಗಜೇಂದ್ರನನ್ನು ಕೊಂದನು.
ಒಬ್ಬನಲ್ಲದಿದ್ದರೆ 'ಕೊಂದರು' ಎಂದು ತಿದ್ದಿಕೊಳ್ಳಿ.
ಅನುಮತಿ ಕೊಟ್ಟವರೂ ಕರ್ತೃವೇ.
ಹೆಸರುಗಳಿಗೆ ಜಾಗ ಸಾಲದಿದ್ದರೆ
ಹಾಳೆಯ ಹಿಂಬದಿಯಲ್ಲೂ ಬರೆಯಬಹುದು.